ಐಮ್ಯಾಪ್ ಸರ್ವರ್‌ನಲ್ಲಿ ಫೋಲ್ಡರ್‌ನ ನಿಜವಾದ ಹೆಸರನ್ನು ಕೋಡ್‌ನಿಂದಲೇ ಕಂಡುಹಿಡಿಯುವ ಕ್ರಮ

ಇಮೇಲ್ ಕಳುಹಿಸಿದ ಮೇಲೆ ಅದರ ಪ್ರತಿಯೊಂದನ್ನು ಬಳಕೆದಾರನ 'ಕಳುಹಿಸಿದ ಪತ್ರಗಳು' ಫೋಲ್ಡರ್‌ಗೆ ಹಾಕುವುದು ಕ್ಲೈಂಟ್ ಪ್ರೋಗ್ರಾಂ ಒಂದರ ಅತ್ಯಂತ ಸಾಮಾನ್ಯ ಕೆಲಸ. ಆದರೆ ಐಮ್ಯಾಪ್ (ಸರ್ವರ್‌ನಲ್ಲಿರುವ ಪತ್ರಗಳನ್ನು ಓದಲು, ನಿರ್ವಹಿಸಲು ಕ್ಲೈಂಟ್ ಬಳಸುವ ಪ್ರೋಟೋಕಾಲ್) ಸರ್ವರ್‌ನಲ್ಲಿ ಆ ಫೋಲ್ಡರ್‌ಗೆ ಇರುವ ಹೆಸರೇನು ಎಂಬ ಪ್ರಶ್ನೆಗೆ ಎಲ್ಲ ಕಡೆಯೂ ಸಲ್ಲುವ ಒಂದೇ ಉತ್ತರವಿಲ್ಲ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿ ಅದು 'ಸೆಂಟ್ ಐಟಮ್ಸ್'. ಡವ್‌ಕಾಟ್ ಎಂಬ ಮೇಲ್ ಸರ್ವರ್ ತಂತ್ರಾಂಶ ನಡೆಸುವ ಅನೇಕ ಸರ್ವರ್‌ಗಳಲ್ಲಿ ಬರೀ 'ಸೆಂಟ್'. ಆ್ಯಪಲ್ ಮೇಲ್ ತಾನೇ ಸೃಷ್ಟಿಸಿದ ಕಡೆಗಳಲ್ಲಿ 'ಸೆಂಟ್ ಮೆಸೇಜಸ್'. ಜಿಮೇಲ್‌ನಲ್ಲಿ ಅದು 'ಸೆಂಟ್ ಮೇಲ್' ಎಂಬ ಹೆಸರಿನಲ್ಲಿ, ಚೌಕಾವರಣದೊಳಗೆ ಜಿಮೇಲ್ ಎಂದು ಬರೆದಿರುವ ಮೇಲಿನ ಹಂತದ ಫೋಲ್ಡರ್‌ನ ಅಡಿಯಲ್ಲಿರುತ್ತದೆ. ಅದೂ ಖಾತೆಯ ಭಾಷೆ ಇಂಗ್ಲಿಷ್ ಆಗಿದ್ದರೆ ಮಾತ್ರ. ಜಿಮೇಲ್ ಈ ಹೆಸರುಗಳನ್ನು ಖಾತೆಯ ಭಾಷೆಗೆ ತಕ್ಕಂತೆ ಬದಲಿಸುವುದರಿಂದ, ಭಾಷೆಯಾಗಿ ಕನ್ನಡವನ್ನು ಆಯ್ದುಕೊಂಡವರ ಖಾತೆಯಲ್ಲಿ ನಿಮ್ಮ ಕೋಡ್ ಇಂಗ್ಲಿಷ್ ಹೆಸರನ್ನು ನಿರೀಕ್ಷಿಸುತ್ತ ಕೂರುವಂತಿಲ್ಲ.

ಹೆಸರನ್ನು ಕೋಡ್‌ನಲ್ಲೇ ಬರೆದಿಟ್ಟ ಪ್ರೋಗ್ರಾಂ ದೋಷ ತೋರಿಸಿ ನಿಂತರೆ ಅದು ಕಡಿಮೆ ಹಾನಿಯ ಪರಿಣಾಮವೇ ಸರಿ. ಹೆಚ್ಚಿನ ಹಾನಿ ಆಗುವುದು ಅದು ಫೋಲ್ಡರ್ ಇಲ್ಲವೆಂದು ಭಾವಿಸಿ ಹೊಸದೊಂದನ್ನು ಸದ್ದಿಲ್ಲದೆ ಸೃಷ್ಟಿಸಿದಾಗ. ಒಂದೇ ಖಾತೆಯಲ್ಲಿ ಮೂರು ಬಗೆಯ 'ಕಳುಹಿಸಿದ' ಫೋಲ್ಡರ್‌ಗಳು ಕಂಡುಬರುವುದಕ್ಕೆ ಬಹುಪಾಲು ಕಾರಣ ಇಂಥ ಕ್ಲೈಂಟ್‌ಗಳೇ. ಆದ್ದರಿಂದ ಈ ಬರಹದಲ್ಲಿ ಅನುಸರಿಸುವ ನಿಯಮ ಒಂದೇ: ಹೆಸರನ್ನು ಊಹಿಸಬಾರದು, ಸರ್ವರನ್ನೇ ಕೇಳಬೇಕು, ಸರ್ವರ್ ಹೇಳದಿದ್ದರೆ ಬಳಕೆದಾರನನ್ನು ಕೇಳಬೇಕು. ಮುಂದಿನ ವಿವರಣೆಯಲ್ಲಿ ಆಜ್ಞೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಕೋಡ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕೆಂಬುದು ಓದುಗರಿಗೆ ತಿಳಿದೇ ಇದೆ.

ಮೊದಲು ಸರ್ವರ್‌ನ ಸಾಮರ್ಥ್ಯವನ್ನು ಕೇಳಿ

993ನೇ ಪೋರ್ಟ್‌ನಲ್ಲಿ ಟಿಎಲ್‌ಎಸ್ (ಗೂಢಲಿಪೀಕರಿಸಿದ) ಸಂಪರ್ಕ ಮಾಡಿ, ಲಾಗಿನ್ ಆದ ನಂತರ 'ಕೇಪಬಿಲಿಟಿ' ಆಜ್ಞೆಯನ್ನು ಕಳುಹಿಸಬೇಕು. ಲಾಗಿನ್‌ಗೆ ಮುಂಚೆ ಸರ್ವರ್ ಹೇಳಿದ ಪಟ್ಟಿಯನ್ನೇ ನೆಚ್ಚಿಕೊಳ್ಳಬಾರದು, ಏಕೆಂದರೆ ಹಲವು ಸರ್ವರ್‌ಗಳು ಅಪರಿಚಿತರಿಗೆ ಚಿಕ್ಕ ಪಟ್ಟಿಯನ್ನೂ, ಗುರುತು ಖಚಿತವಾದವರಿಗೆ ಪೂರ್ಣ ಪಟ್ಟಿಯನ್ನೂ ಕೊಡುತ್ತವೆ. ಕೆಲವು ಸರ್ವರ್‌ಗಳು ಲಾಗಿನ್‌ನ 'ಓಕೆ' ಉತ್ತರದ ಜೊತೆಯಲ್ಲೇ ಹೊಸ ಪಟ್ಟಿಯನ್ನು ಕಳುಹಿಸುತ್ತವೆ. ಹಾಗಿದ್ದರೆ ಮತ್ತೆ ಕೇಳುವ ಅಗತ್ಯವಿಲ್ಲ.

ಆ ಪಟ್ಟಿಯಲ್ಲಿ ನಮ್ಮ ಕೆಲಸಕ್ಕೆ ಬೇಕಾದವು 'ನೇಮ್‌ಸ್ಪೇಸ್', 'ಸ್ಪೆಷಲ್-ಯೂಸ್', 'ಲಿಸ್ಟ್-ಎಕ್ಸ್‌ಟೆಂಡೆಡ್', 'ಯುಟಿಎಫ್8=ಆಕ್ಸೆಪ್ಟ್' ಮತ್ತು 'ಆಬ್ಜೆಕ್ಟ್‌ಐಡಿ' ಎಂಬ ಪದಗಳು. ಇವೆಲ್ಲವೂ 2003ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡಗಳನ್ನು ಪ್ರಕಟಿಸುವ ದಾಖಲೆ) 3501 ಆಗಿ ಪ್ರಕಟವಾದ, ಇಂದಿಗೂ ಹೆಚ್ಚಿನ ಸರ್ವರ್‌ಗಳು ಮಾತನಾಡುವ ಐಮ್ಯಾಪ್ ಆವೃತ್ತಿಗೆ ಹೊರಗಿನಿಂದ ಸೇರಿಕೊಂಡ ವಿಸ್ತರಣೆಗಳು. 2021ರಲ್ಲಿ ಬಂದ ಆರ್‌ಎಫ್‌ಸಿ 9051 ಇವುಗಳಲ್ಲಿ ಹಲವನ್ನು ಮೂಲ ಪ್ರೋಟೋಕಾಲ್‌ನೊಳಗೇ ಸೇರಿಸಿಕೊಂಡಿದೆಯಾದರೂ, ಸರ್ವರ್ ಎರಡೂ ಆವೃತ್ತಿಗಳನ್ನು ಬೆಂಬಲಿಸುವಾಗ ಕ್ಲೈಂಟ್ 'ಎನೇಬಲ್' ಆಜ್ಞೆಯ ಮೂಲಕ ಹೊಸ ಆವೃತ್ತಿಯನ್ನು ಕೋರಿಕೊಳ್ಳಬೇಕು. ಕೋರದಿದ್ದರೆ ಹಳೆಯ ನಡವಳಿಕೆಯೇ ಮುಂದುವರಿಯುತ್ತದೆ.

ನೇಮ್‌ಸ್ಪೇಸ್: ಹೆಸರಿನ ಮೊದಲ ಭಾಗ ಮತ್ತು ವಿಭಜಕ ಚಿಹ್ನೆ

ಐಮ್ಯಾಪ್‌ನಲ್ಲಿ ಫೋಲ್ಡರ್‌ಗಳ ಮೇಲು-ಕೆಳಗಿನ ಸಂಬಂಧವನ್ನು ತೋರಿಸುವುದು ಹೆಸರಿನೊಳಗೆ ಬರುವ ಒಂದು ವಿಭಜಕ ಚಿಹ್ನೆ. ಅದು ಯಾವುದೆಂದು ಪ್ರೋಟೋಕಾಲ್ ನಿಗದಿಪಡಿಸಿಲ್ಲ. ಜಿಮೇಲ್ ಮತ್ತು ಎಕ್ಸ್‌ಚೇಂಜ್ ಓರೆಗೆರೆಯನ್ನು ಬಳಸುತ್ತವೆ. ಕೊರಿಯರ್ ಎಂಬ ಮೇಲ್ ಸರ್ವರ್ ಚುಕ್ಕಿಯನ್ನು ಬಳಸುತ್ತದೆ. ಸೈರಸ್ ಎಂಬ ಇನ್ನೊಂದು ಸರ್ವರ್ ಮೊದಲು ಚುಕ್ಕಿಯನ್ನು ಬಳಸುತ್ತಿದ್ದು, 3.0 ಆವೃತ್ತಿಯಿಂದ ಓರೆಗೆರೆಯನ್ನು ಸಹಜ ಆಯ್ಕೆಯಾಗಿಸಿಕೊಂಡಿತು. ಡವ್‌ಕಾಟ್‌ನಲ್ಲಿ ಅದು ನಿರ್ವಾಹಕರ ಇಚ್ಛೆಗೆ ಬಿಟ್ಟದ್ದು. ಇದರ ಜೊತೆಗೆ ಕೊರಿಯರ್‌ನಂಥ ಸರ್ವರ್‌ಗಳಲ್ಲಿ ಬಳಕೆದಾರನ ಎಲ್ಲ ಫೋಲ್ಡರ್‌ಗಳೂ ಇನ್‌ಬಾಕ್ಸ್‌ನ ಅಡಿಯಲ್ಲೇ ಇರಬೇಕಾಗುತ್ತದೆ. ಅಲ್ಲಿ 'ಸೆಂಟ್' ಎಂಬ ಫೋಲ್ಡರ್‌ನ ಪೂರ್ಣ ಹೆಸರು 'ಇನ್‌ಬಾಕ್ಸ್.ಸೆಂಟ್' ಆಗಿರುತ್ತದೆ, ಮತ್ತು ಬರೀ 'ಸೆಂಟ್' ಎಂದು ಹೊಸ ಫೋಲ್ಡರ್ ಸೃಷ್ಟಿಸಲು ಹೋದರೆ ಸರ್ವರ್ ಒಪ್ಪುವುದಿಲ್ಲ.

ಇದನ್ನು ತಿಳಿಯಲೆಂದೇ 1998ರ ಆರ್‌ಎಫ್‌ಸಿ 2342 'ನೇಮ್‌ಸ್ಪೇಸ್' ಆಜ್ಞೆಯನ್ನು ರೂಪಿಸಿತು. ಇದಕ್ಕೆ ಬರುವ ಉತ್ತರದಲ್ಲಿ ಮೂರು ಭಾಗಗಳಿರುತ್ತವೆ: ಬಳಕೆದಾರನ ಸ್ವಂತ ಫೋಲ್ಡರ್‌ಗಳು, ಇತರರು ಅವನಿಗೆ ತೆರೆದಿಟ್ಟಿರುವ ಫೋಲ್ಡರ್‌ಗಳು, ಎಲ್ಲರಿಗೂ ಹಂಚಿಕೆಯಾಗಿರುವ ಫೋಲ್ಡರ್‌ಗಳು. ಪ್ರತಿ ಭಾಗದಲ್ಲೂ ಪ್ರಿಫಿಕ್ಸ್ (ಹೆಸರಿನ ಮುಂದೆ ಬರುವ ಭಾಗ) ಮತ್ತು ವಿಭಜಕ ಚಿಹ್ನೆಯ ಒಂದು ಅಥವಾ ಹೆಚ್ಚು ಜೋಡಿಗಳು ಇರಬಹುದು. ಆ ಬಗೆಯ ಫೋಲ್ಡರ್‌ಗಳೇ ಇಲ್ಲದಿದ್ದರೆ 'ನಿಲ್' ಎಂದಿರುತ್ತದೆ. ನಮಗೆ ಬೇಕಾದದ್ದು ಮೊದಲ ಭಾಗದ ಮೊದಲ ಜೋಡಿ. ಹೊಸ ಫೋಲ್ಡರ್ ಸೃಷ್ಟಿಸುವಾಗ ಆ ಪ್ರಿಫಿಕ್ಸನ್ನು ಇದ್ದಂತೆಯೇ ಹೆಸರಿನ ಮುಂದೆ ಸೇರಿಸಿದರೆ ಸಾಕು. ಅದರ ಕೊನೆಯಲ್ಲಿ ವಿಭಜಕ ಚಿಹ್ನೆ ಸಾಮಾನ್ಯವಾಗಿ ಇದ್ದೇ ಇರುವುದರಿಂದ ಮತ್ತೊಂದನ್ನು ಸೇರಿಸಿದರೆ ಹೆಸರು ಕೆಡುತ್ತದೆ.

ಸರ್ವರ್‌ಗೆ ನೇಮ್‌ಸ್ಪೇಸ್ ಗೊತ್ತಿಲ್ಲದಿದ್ದರೆ, 'ಲಿಸ್ಟ್' ಆಜ್ಞೆಗೆ ಎರಡು ಖಾಲಿ ಸ್ಟ್ರಿಂಗ್‌ಗಳನ್ನು ಕೊಟ್ಟು ಕಳುಹಿಸಬೇಕು. ಇದು ಫೋಲ್ಡರ್‌ಗಳ ಪಟ್ಟಿಯನ್ನು ಕೊಡದೆ ವಿಭಜಕ ಚಿಹ್ನೆಯನ್ನಷ್ಟೇ ತಿಳಿಸುವ ವಿಶೇಷ ಪ್ರಶ್ನೆ. ಉತ್ತರದಲ್ಲಿ ವಿಭಜಕದ ಜಾಗದಲ್ಲಿ 'ನಿಲ್' ಬಂದರೆ ಆ ಸರ್ವರ್‌ನಲ್ಲಿ ಒಳ-ಫೋಲ್ಡರ್‌ಗಳ ವ್ಯವಸ್ಥೆಯೇ ಇಲ್ಲವೆಂದು ಅರ್ಥ. ಈ ಸಾಧ್ಯತೆಯನ್ನು ಕೋಡ್‌ನಲ್ಲಿ ಪರಿಗಣಿಸದೆ ಬಿಡುವವರೇ ಹೆಚ್ಚು.

ಹೆಸರನ್ನಲ್ಲ, ಪಾತ್ರವನ್ನು ಕೇಳಿ

ಈಗ ಮುಖ್ಯ ಹಂತಕ್ಕೆ ಬರೋಣ. 2011ರ ಮಾರ್ಚ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 6154, ಫೋಲ್ಡರ್‌ನ ಹೆಸರು ಏನೇ ಇರಲಿ, ಅದು ಮಾಡುವ ಕೆಲಸವನ್ನು ಹೇಳುವ ಗುರುತುಗಳನ್ನು ನಿರ್ದಿಷ್ಟಪಡಿಸಿತು. ಆ ಗುರುತುಗಳು ಏಳು: ಆಲ್, ಆರ್ಕೈವ್, ಡ್ರಾಫ್ಟ್ಸ್, ಫ್ಲ್ಯಾಗ್ಡ್, ಜಂಕ್, ಸೆಂಟ್, ಟ್ರ್ಯಾಶ್. ಪ್ರತಿಯೊಂದರ ಮುಂದೆಯೂ ಹಿಮ್ಮುಖ ಓರೆಗೆರೆ ಇರುತ್ತದೆ. 2018ರ ಆರ್‌ಎಫ್‌ಸಿ 8457 ಇವುಗಳ ಜೊತೆಗೆ 'ಇಂಪಾರ್ಟೆಂಟ್' ಎಂಬುದನ್ನು ಸೇರಿಸಿತು. ಇದಕ್ಕೂ ಹಿಂದೆ ಜಿಮೇಲ್‌ನಲ್ಲಿ 'ಎಕ್ಸ್‌ಲಿಸ್ಟ್' ಎಂಬ ಅನಧಿಕೃತ ಆಜ್ಞೆಯೊಂದು ಇದೇ ಕೆಲಸವನ್ನು ಸ್ವಲ್ಪ ಬೇರೆ ಗುರುತುಗಳೊಂದಿಗೆ ಮಾಡುತ್ತಿತ್ತು. ಹಳೆಯ ಕೋಡ್‌ನಲ್ಲಿ ಅದು ಕಂಡುಬಂದರೆ ತೆಗೆದುಹಾಕಬೇಕು.

ಸರ್ವರ್ 'ಸ್ಪೆಷಲ್-ಯೂಸ್' ಮತ್ತು 'ಲಿಸ್ಟ್-ಎಕ್ಸ್‌ಟೆಂಡೆಡ್' ಎರಡನ್ನೂ ಘೋಷಿಸಿದ್ದರೆ, ಲಿಸ್ಟ್ ಆಜ್ಞೆಯ ಕೊನೆಯಲ್ಲಿ 'ರಿಟರ್ನ್' ಎಂದು ಬರೆದು ಆವರಣದೊಳಗೆ 'ಸ್ಪೆಷಲ್-ಯೂಸ್' ಎಂದು ಸೇರಿಸುವುದು ಅತ್ಯಂತ ಖಚಿತವಾದ ಮಾರ್ಗ. ಆಗ ಎಲ್ಲ ಫೋಲ್ಡರ್‌ಗಳೂ ತಮ್ಮ ಗುರುತುಗಳ ಸಮೇತ ಬರುತ್ತವೆ. ಗುರುತುಳ್ಳ ಫೋಲ್ಡರ್‌ಗಳಷ್ಟೇ ಸಾಕೆಂದರೆ ಅದೇ ಪದವನ್ನು ಲಿಸ್ಟ್ ಎಂಬ ಪದದ ಪಕ್ಕದಲ್ಲೇ ಆವರಣದೊಳಗೆ ಇಡಬೇಕು. ಸಾವಿರಾರು ಫೋಲ್ಡರ್‌ಗಳಿರುವ ಖಾತೆಗಳಲ್ಲಿ ಇದರಿಂದ ಬಹಳಷ್ಟು ಸಮಯ ಉಳಿಯುತ್ತದೆ. ವಿಸ್ತರಣೆ ಇಲ್ಲದ ಸರ್ವರ್‌ಗೆ ಸಾದಾ ಲಿಸ್ಟ್ ಆಜ್ಞೆಯನ್ನೇ ಕಳುಹಿಸಬೇಕು. ಆದರೆ ಸರ್ವರ್ ತನ್ನ ಸಾಮರ್ಥ್ಯವನ್ನು ಘೋಷಿಸಿಲ್ಲವೆಂಬ ಕಾರಣಕ್ಕೆ ಉತ್ತರದಲ್ಲಿರುವ ಗುರುತುಗಳನ್ನು ನೋಡದೆ ಬಿಡಬಾರದು. ಗುರುತು ಬಂದಿದ್ದರೆ ಅದನ್ನು ನಂಬಬಹುದು. ಬಾರದಿದ್ದರೆ ನಷ್ಟವೇನೂ ಇಲ್ಲ.

ಲಿಸ್ಟ್ ಆಜ್ಞೆಗೆ ಹುಡುಕಾಟದ ಮಾದರಿಯಾಗಿ ಕೊಡುವ ಚಿಹ್ನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಕ್ಷತ್ರ ಚಿಹ್ನೆ ಎಲ್ಲ ಹಂತಗಳ ಫೋಲ್ಡರ್‌ಗಳಿಗೂ ಹೊಂದುತ್ತದೆ, ಶೇಕಡಾ ಚಿಹ್ನೆ ವಿಭಜಕವನ್ನು ದಾಟುವುದಿಲ್ಲ. ಜಿಮೇಲ್‌ನ ವಿಶೇಷ ಫೋಲ್ಡರ್‌ಗಳು ಎರಡನೇ ಹಂತದಲ್ಲಿರುವುದರಿಂದ ಶೇಕಡಾ ಚಿಹ್ನೆಯನ್ನಷ್ಟೇ ಕೊಟ್ಟು ಹುಡುಕುವ ಕೋಡ್‌ಗೆ ಅವು ಸಿಗುವುದೇ ಇಲ್ಲ. ಸಿಗುವುದು ಅವುಗಳ ಮೇಲಿನ ಫೋಲ್ಡರ್, ಮತ್ತು ಅದರ ಮೇಲೆ 'ನೋಸೆಲೆಕ್ಟ್' ಎಂಬ ಗುರುತಿರುತ್ತದೆ. ನೋಸೆಲೆಕ್ಟ್ ಇರುವುದು ಬರೀ ಹೆಸರಷ್ಟೇ. ಅದನ್ನು ತೆರೆಯಲೂ ಆಗದು, ಅದರೊಳಗೆ ಪತ್ರ ಹಾಕಲೂ ಆಗದು. ಆದ್ದರಿಂದ ಯಾವುದೇ ಫೋಲ್ಡರನ್ನು ಒಪ್ಪಿಕೊಳ್ಳುವ ಮುನ್ನ ಈ ಗುರುತು ಇಲ್ಲವೆಂದು ಪರೀಕ್ಷಿಸಬೇಕು. ಗುರುತುಗಳನ್ನು ಹೋಲಿಸುವಾಗ ಇಂಗ್ಲಿಷ್‌ನ ದೊಡ್ಡ-ಚಿಕ್ಕ ಅಕ್ಷರಗಳ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳಬಾರದು. ಹೆಸರುಗಳ ವಿಷಯದಲ್ಲಿ ಮಾತ್ರ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು: ದೊಡ್ಡ-ಚಿಕ್ಕ ಅಕ್ಷರಗಳ ಭೇದವಿಲ್ಲದ ಹೆಸರೆಂದು ಪ್ರೋಟೋಕಾಲ್ ಖಚಿತಪಡಿಸುವುದು ಇನ್‌ಬಾಕ್ಸ್ ಒಂದನ್ನೇ, ಉಳಿದವುಗಳಲ್ಲಿ ಆ ಭೇದ ಇದೆಯೆಂದೇ ತಿಳಿದು ನಡೆಯುವುದು ಕ್ಷೇಮ.

ಒಂದೇ ಗುರುತು ಎರಡು ಫೋಲ್ಡರ್‌ಗಳ ಮೇಲೆ ಇರುವುದನ್ನು ಆರ್‌ಎಫ್‌ಸಿ 6154 ನಿಷೇಧಿಸುವುದಿಲ್ಲ. ಹಾಗಾದಾಗ ಬಳಕೆದಾರನ ಸ್ವಂತ ನೇಮ್‌ಸ್ಪೇಸ್‌ನಲ್ಲಿರುವುದನ್ನು ಆಯ್ದುಕೊಳ್ಳಬೇಕು. ಹಂಚಿಕೆಯ ಫೋಲ್ಡರ್‌ಗಳ ಅಡಿಯಲ್ಲಿ ಸಹೋದ್ಯೋಗಿಯೊಬ್ಬರ 'ಸೆಂಟ್' ಇದ್ದು, ನಿಮ್ಮ ಪ್ರೋಗ್ರಾಂ ಪತ್ರದ ಪ್ರತಿಯನ್ನು ಅಲ್ಲಿ ಹಾಕಿದರೆ ಅದು ಕೇವಲ ತಾಂತ್ರಿಕ ದೋಷವಾಗಿ ಉಳಿಯುವುದಿಲ್ಲ. ನೇಮ್‌ಸ್ಪೇಸ್ ಹಂತವನ್ನು ಮೊದಲೇ ಮುಗಿಸಿಕೊಳ್ಳಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕನ್ನಡದ ಹೆಸರುಗಳು ಸರ್ವರ್‌ನಲ್ಲಿ ಹೇಗಿರುತ್ತವೆ

ಲಿಸ್ಟ್ ಉತ್ತರದಲ್ಲಿ ಬರುವ ಹೆಸರು ಪರದೆಯ ಮೇಲೆ ಕಾಣುವ ಹೆಸರಲ್ಲ. ಹಳೆಯ ಆವೃತ್ತಿಯ ಐಮ್ಯಾಪ್ ಹೆಸರುಗಳನ್ನು ಮಾರ್ಪಡಿಸಿದ ಯುಟಿಎಫ್-7 ಎಂಬ ರೂಪದಲ್ಲಿ ಕಳುಹಿಸುತ್ತದೆ. ಇಂಗ್ಲಿಷ್ ಅಕ್ಷರಗಳು ಹಾಗೆಯೇ ಉಳಿಯುತ್ತವೆ; ಉಳಿದ ಲಿಪಿಗಳ ಅಕ್ಷರಗಳನ್ನು 16 ಬಿಟ್‌ಗಳ ಯುಟಿಎಫ್-16 ಆಗಿ ಬರೆದು, ಅದನ್ನು ಬೇಸ್64ಗೆ (ಪ್ರತಿ 6 ಬಿಟ್‌ಗಳಿಗೆ ಒಂದು ಸಾದಾ ಅಕ್ಷರ ಬರೆಯುವ ಕ್ರಮಕ್ಕೆ) ತಿರುಗಿಸಿ, & ಚಿಹ್ನೆಯಿಂದ ಆರಂಭಿಸಿ ಅಡ್ಡಗೆರೆಯಿಂದ ಮುಗಿಸಲಾಗುತ್ತದೆ. ಸಾಮಾನ್ಯ ಬೇಸ್64ರಲ್ಲಿ ಬರುವ ಓರೆಗೆರೆ ಇಲ್ಲಿ ವಿಭಜಕ ಚಿಹ್ನೆಯೊಂದಿಗೆ ಗೊಂದಲವಾಗುವುದರಿಂದ ಅದರ ಬದಲು ಅಲ್ಪವಿರಾಮವನ್ನು ಬಳಸುತ್ತಾರೆ. ಹೆಸರಿನಲ್ಲಿ ನಿಜವಾಗಿಯೇ & ಇದ್ದರೆ ಅದನ್ನು & ಮತ್ತು ಅಡ್ಡಗೆರೆಯ ಜೋಡಿಯಾಗಿ ಬರೆಯಬೇಕು.

'ಮನೆ' ಎಂಬ ಫೋಲ್ಡರನ್ನು ತೆಗೆದುಕೊಂಡರೆ, ಅದರಲ್ಲಿ ಮ, ನ ಮತ್ತು ಎತ್ವದ ಚಿಹ್ನೆ ಎಂದು ಮೂರು ಯುನಿಕೋಡ್ ಸಂಕೇತಗಳಿವೆ. ಅವು 48 ಬಿಟ್‌ಗಳು, ಅಂದರೆ ಬೇಸ್64ರಲ್ಲಿ 8 ಅಕ್ಷರಗಳು. ಆರಂಭದ ಮತ್ತು ಕೊನೆಯ ಚಿಹ್ನೆಗಳು ಸೇರಿ ಒಟ್ಟು 10. ಕನ್ನಡದ ಸಂಕೇತಗಳೆಲ್ಲ ಯುನಿಕೋಡ್‌ನಲ್ಲಿ 0ಸಿ80ರಿಂದ 0ಸಿಎಫ್ಎಫ್ ವರೆಗಿನ ಒಂದೇ ವಲಯದಲ್ಲಿರುವುದರಿಂದ, ಕನ್ನಡ ಅಕ್ಷರದಿಂದ ಆರಂಭವಾಗುವ ಹೆಸರಿನಲ್ಲಿ & ಚಿಹ್ನೆಯ ನಂತರದ ಮೊದಲ ಅಕ್ಷರ ಯಾವಾಗಲೂ ಇಂಗ್ಲಿಷ್‌ನ ದೊಡ್ಡ 'ಡಿ' ಆಗಿರುತ್ತದೆ, ಎರಡನೆಯದು 'ಐ'ನಿಂದ 'ಪಿ' ವರೆಗಿನ ಎಂಟು ದೊಡ್ಡ ಅಕ್ಷರಗಳಲ್ಲಿ ಒಂದಾಗಿರುತ್ತದೆ. ಲಾಗ್ ಫೈಲ್ ಓದುವಾಗ ಇದು ಉಪಯೋಗಕ್ಕೆ ಬರುವ ಗುರುತು. ಎರಡನೆಯ ಅಕ್ಷರ 'ಎ'ಯಿಂದ 'ಎಚ್'ವರೆಗೆ ಇದ್ದರೆ ಆ ಹೆಸರು ತೆಲುಗಿನದು.

ಹೆಸರಿನ ಹೋಲಿಕೆಯಲ್ಲಿ ಕನ್ನಡದ ಮಟ್ಟಿಗೆ ಎರಡು ತೊಡಕುಗಳಿವೆ. ಮೊದಲನೆಯದು ದೀರ್ಘ ಸ್ವರಚಿಹ್ನೆಗಳದ್ದು. 'ಕಚೇರಿ' ಎಂಬುದರಲ್ಲಿರುವ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಚಿಹ್ನೆಗಳೆಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಪದಕ್ಕೆ ಐದು ಸಂಕೇತಗಳು, ಎರಡನೆಯದರಲ್ಲಿ ಆರು. ಕಣ್ಣಿಗೆ ಎರಡೂ ಒಂದೇ, ಆದರೆ ಬೈಟ್‌ಗಳು ಬೇರೆ. ಈತ್ವ, ಐತ್ವ, ಒತ್ವ, ಓತ್ವಗಳಿಗೂ ಇದೇ ಮಾತು ಸಲ್ಲುತ್ತದೆ. ಹೊಸ ಫೋಲ್ಡರ್ ಸೃಷ್ಟಿಸುವ ಮೊದಲು ಹೆಸರನ್ನು ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ) ತಂದುಕೊಳ್ಳಬೇಕು, ಈಗಾಗಲೇ ಅದೇ ಹೆಸರಿನ ಫೋಲ್ಡರ್ ಇದೆಯೇ ಎಂದು ನೋಡುವಾಗ ಎರಡೂ ಕಡೆಯನ್ನು ಅದೇ ರೂಪಕ್ಕೆ ತಂದು ಹೋಲಿಸಬೇಕು.

ಎರಡನೆಯದು ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತ. 'ಬ್ಯಾಂಕ್‌ಗಳು' ಎಂದು ಬರೆಯಲು ಅದು ಬೇಕೇ ಬೇಕು, ಹಾಗಾಗಿ ಅದನ್ನು ಕಸವೆಂದು ತೆಗೆದುಹಾಕುವಂತಿಲ್ಲ. ಆದರೆ 'ಬ್ಯಾಂಕ್' ಎಂಬ ಪದದ ಕೊನೆಯಲ್ಲಿ ಕೀಲಿಮಣೆಯ ದೆಸೆಯಿಂದ ಅದು ಉಳಿದುಕೊಂಡಿದ್ದರೆ, ನೋಡಲು ಒಂದೇ ಆಗಿರುವ ಎರಡು ಫೋಲ್ಡರ್‌ಗಳು ಒಂದೇ ಖಾತೆಯಲ್ಲಿ ಇರಬಹುದು. ಎನ್‌ಎಫ್‌ಸಿ ಈ ಸಂಕೇತವನ್ನು ಮುಟ್ಟುವುದಿಲ್ಲ.

ಆದ್ದರಿಂದ ಪ್ರತಿ ಫೋಲ್ಡರ್‌ಗೂ ಎರಡು ಹೆಸರುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಸರಿಯಾದ ಪದ್ಧತಿ: ಸರ್ವರ್ ಕಳುಹಿಸಿದ ಮೂಲ ರೂಪ ಮತ್ತು ಬಳಕೆದಾರನಿಗೆ ತೋರಿಸುವ ರೂಪ. ಆಜ್ಞೆಗಳಲ್ಲಿ ಮೊದಲನೆಯದನ್ನೇ ಹಿಂತಿರುಗಿಸಬೇಕು. ತೋರಿಸುವ ರೂಪವನ್ನು ಮತ್ತೆ ಮೂಲಕ್ಕೆ ತಿರುಗಿಸಿ ಬಳಸುವ ಗೋಜಿಗೆ ಹೋಗಲೇಬಾರದು. 2013ರ ಆರ್‌ಎಫ್‌ಸಿ 6855 ಪ್ರಕಾರ ಕ್ಲೈಂಟ್ ಯುಟಿಎಫ್8ನ್ನು ಎನೇಬಲ್ ಮಾಡಿಕೊಂಡರೆ ಹೆಸರುಗಳು ನೇರವಾಗಿ ಯುಟಿಎಫ್-8ರಲ್ಲೇ ಓಡಾಡುತ್ತವೆ, ಹೊಸ ಆವೃತ್ತಿಯಲ್ಲೂ ಹಾಗೆಯೇ. ಹಾಗಾಗಿ ನೀವು ಉಳಿಸಿಟ್ಟ ಮೂಲ ರೂಪ ಯಾವ ಸ್ಥಿತಿಯಲ್ಲಿ ಪಡೆದದ್ದು ಎಂಬುದನ್ನೂ ಜೊತೆಯಲ್ಲಿ ದಾಖಲಿಸಬೇಕು.

ಲೈಬ್ರರಿಗಳಲ್ಲಿ

ಪೈಥಾನ್‌ನ ಜೊತೆಗೇ ಬರುವ ಐಮ್ಯಾಪ್‌ಲಿಬ್ ಈ ಕೆಲಸದಲ್ಲಿ ಹೆಚ್ಚೇನೂ ನೆರವಾಗುವುದಿಲ್ಲ. ಅದರ ಲಿಸ್ಟ್ ವಿಧಾನ ಸರ್ವರ್‌ನ ಸಾಲುಗಳನ್ನು ಬೈಟ್‌ಗಳಾಗಿ ಹಾಗೆಯೇ ಕೈಗೆ ಕೊಡುತ್ತದೆ. ಗುರುತು, ವಿಭಜಕ ಮತ್ತು ಹೆಸರನ್ನು ನೀವೇ ಬೇರ್ಪಡಿಸಬೇಕು. ಸರ್ವರ್ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಕೊಡುವ ಬದಲು ಉದ್ದವನ್ನು ಮೊದಲು ಹೇಳುವ 'ಲಿಟರಲ್' ರೂಪದಲ್ಲಿ ಕೊಟ್ಟರೆ ಬೈಟ್‌ಗಳ ಬದಲು ಒಂದು ಟ್ಯೂಪಲ್ ಬರುತ್ತದೆ, ಮತ್ತು ಖಾಲಿ ಜಾಗದ ಮೇಲೆ ಸಾಲನ್ನು ಕತ್ತರಿಸುವ ಕೋಡ್ ಅಲ್ಲಿ ಮುಗ್ಗರಿಸುತ್ತದೆ. ಹೆಸರಿನಲ್ಲೇ ಖಾಲಿ ಜಾಗ ಇರುವ 'ಸೆಂಟ್ ಐಟಮ್ಸ್' ಕೂಡ ಅದಕ್ಕೆ ಎಡವುಗಲ್ಲೇ. ಇದರ ಬದಲು ಐಮ್ಯಾಪ್‌ಕ್ಲೈಂಟ್ ಎಂಬ ಲೈಬ್ರರಿಯನ್ನು ಬಳಸುವುದು ಒಳ್ಳೆಯದು. ಅದು ಮೂರನ್ನೂ ಬೇರ್ಪಡಿಸಿ, ಹೆಸರನ್ನು ಯುನಿಕೋಡ್‌ಗೆ ತಿರುಗಿಸಿ ಕೊಡುತ್ತದೆ; ಪಾತ್ರದ ಮೂಲಕ ಫೋಲ್ಡರ್ ಹುಡುಕುವ ಸಿದ್ಧ ವಿಧಾನವೂ ಅದರಲ್ಲಿದೆ.

ಡಾಟ್‌ನೆಟ್‌ನಲ್ಲಿ ಮೇಲ್‌ಕಿಟ್‌ನ 'ಗೆಟ್‌ಫೋಲ್ಡರ್'ಗೆ 'ಸ್ಪೆಷಲ್‌ಫೋಲ್ಡರ್' ಪಟ್ಟಿಯ 'ಸೆಂಟ್' ಮೌಲ್ಯವನ್ನು ಕೊಟ್ಟರೆ ಕೆಲಸ ಮುಗಿಯಿತು. ಜಾವಾದ ಜಕಾರ್ತ ಮೇಲ್‌ನಲ್ಲಿ ಪ್ರತಿ ಫೋಲ್ಡರ್‌ನ ಗುರುತುಗಳನ್ನು ಐಮ್ಯಾಪ್‌ಫೋಲ್ಡರ್ ವರ್ಗದ 'ಗೆಟ್‌ಆಟ್ರಿಬ್ಯೂಟ್ಸ್' ಮೂಲಕ ಪಡೆದು ನೀವೇ ಹೋಲಿಸಬೇಕಾಗುತ್ತದೆ. ಪಿಎಚ್‌ಪಿಯಲ್ಲಿ ಹಳೆಯ ಐಮ್ಯಾಪ್ ವಿಸ್ತರಣೆಯನ್ನು ಬಳಸುವವರು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು: ಯುಟಿಎಫ್-7ನ್ನು ಬಿಡಿಸಲೆಂದು ಮೊದಲಿನಿಂದ ಇರುವ ಫಂಕ್ಷನ್ ಫಲಿತಾಂಶವನ್ನು ಪಶ್ಚಿಮ ಯುರೋಪಿನ ಐಎಸ್‌ಒ-8859-1 ಅಕ್ಷರಗಣಕ್ಕೆ ತಿರುಗಿಸುತ್ತದೆ, ಅದರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಯುಟಿಎಫ್-8ಕ್ಕೆ ತಿರುಗಿಸುವ ಹೊಸ ಫಂಕ್ಷನನ್ನೋ, ಎಂಬಿಸ್ಟ್ರಿಂಗ್‌ನಲ್ಲಿರುವ 'ಯುಟಿಎಫ್7-ಐಮ್ಯಾಪ್' ಎಂಬ ಆಯ್ಕೆಯನ್ನೋ ಬಳಸಬೇಕು. ಆ ಹಳೆಯ ಐಮ್ಯಾಪ್ ವಿಸ್ತರಣೆಯನ್ನು ಪಿಎಚ್‌ಪಿ 8.4ರಿಂದ ಮುಖ್ಯ ವಿತರಣೆಯಿಂದಲೇ ಹೊರಗಿಟ್ಟಿದ್ದಾರೆಂಬುದನ್ನೂ ನೆನಪಿಡಬೇಕು.

ಗುರುತುಗಳೇ ಬಾರದಿದ್ದಾಗ

ಹಳೆಯ ಸರ್ವರ್‌ಗಳು ಯಾವ ಗುರುತನ್ನೂ ಕೊಡದಿರಬಹುದು. ಆಗ ಸಾಮಾನ್ಯ ಹೆಸರುಗಳ ಒಂದು ಪಟ್ಟಿಯನ್ನು ಸ್ವಂತ ನೇಮ್‌ಸ್ಪೇಸ್‌ನ ಪ್ರಿಫಿಕ್ಸ್ ಸೇರಿಸಿ ಹೋಲಿಸಿ ನೋಡುವುದು ಅನಿವಾರ್ಯ. ಆದರೆ ಇದರಿಂದ ಸಿಕ್ಕಿದ್ದನ್ನು ಊಹೆಯೆಂದೇ ಪರಿಗಣಿಸಿ, ಖಾತೆಯನ್ನು ಹೊಂದಿಸುವ ಹಂತದಲ್ಲಿ ಬಳಕೆದಾರನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಟ್ರ್ಯಾಶ್ ಮತ್ತು ಜಂಕ್‌ಗಳ ವಿಷಯದಲ್ಲಿ ಊಹೆಯನ್ನು ನೆಚ್ಚಲೇಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಫೋಲ್ಡರ್‌ಗಳಲ್ಲಿರುವುದನ್ನು ನಿಗದಿತ ದಿನಗಳ ನಂತರ ಅಳಿಸಿಹಾಕುವ ವ್ಯವಸ್ಥೆ ಹಲವು ಸರ್ವರ್‌ಗಳಲ್ಲಿದೆ.

ಫೋಲ್ಡರ್ ನಿಜವಾಗಿಯೂ ಇಲ್ಲವೇ ಎಂಬುದನ್ನು ಸರ್ವರ್ ತಾನೇ ಹೇಳುತ್ತದೆ. ಇಲ್ಲದ ಫೋಲ್ಡರ್‌ಗೆ 'ಅಪೆಂಡ್' ಆಜ್ಞೆಯಿಂದ ಪತ್ರ ಸೇರಿಸಲು ಹೋದಾಗ ಬರುವ 'ನೋ' ಉತ್ತರದಲ್ಲಿ 'ಟ್ರೈಕ್ರಿಯೇಟ್' ಎಂಬ ಸಂಕೇತವಿದ್ದರೆ ಮಾತ್ರ ಸೃಷ್ಟಿಸಲು ಮುಂದಾಗಬೇಕು. ಸರ್ವರ್ 'ಕ್ರಿಯೇಟ್-ಸ್ಪೆಷಲ್-ಯೂಸ್' ಸಾಮರ್ಥ್ಯವನ್ನು ಘೋಷಿಸಿದ್ದರೆ, ಸೃಷ್ಟಿಸುವಾಗಲೇ 'ಯೂಸ್' ಎಂಬ ಪದದೊಂದಿಗೆ ಪಾತ್ರವನ್ನೂ ಹೇಳಬಹುದು. ಮುಂದೆ ಅದೇ ಖಾತೆಗೆ ಬರುವ ಬೇರೆ ಕ್ಲೈಂಟ್‌ಗಳಿಗೆ ಅದು ದಾರಿ ತೋರಿಸುತ್ತದೆ. ಜಿಮೇಲ್‌ನಲ್ಲಂತೂ ಎಸ್‌ಎಂಟಿಪಿ (ಪತ್ರ ಕಳುಹಿಸುವ ಪ್ರೋಟೋಕಾಲ್) ಮೂಲಕ ಕಳುಹಿಸಿದ ಪತ್ರವನ್ನು ಸರ್ವರೇ 'ಸೆಂಟ್'ನಲ್ಲಿ ಇಡುವುದರಿಂದ ಕ್ಲೈಂಟ್ ಪ್ರತಿ ಹಾಕುವ ಅಗತ್ಯವೇ ಇಲ್ಲ.

ಒಮ್ಮೆ ಕಂಡುಹಿಡಿದ ಹೆಸರನ್ನು ಶಾಶ್ವತವೆಂದು ತಿಳಿಯಬಾರದು. ಬಳಕೆದಾರ ಇನ್ನೊಂದು ಸಾಧನದಿಂದ ಫೋಲ್ಡರ್‌ನ ಹೆಸರನ್ನೋ, ಜಿಮೇಲ್ ಆಗಿದ್ದರೆ ಖಾತೆಯ ಭಾಷೆಯನ್ನೋ ಬದಲಿಸಬಹುದು. 2018ರ ಆರ್‌ಎಫ್‌ಸಿ 8474ನ್ನು (ಮೊದಲು ಹೇಳಿದ 'ಆಬ್ಜೆಕ್ಟ್‌ಐಡಿ' ವಿಸ್ತರಣೆಯನ್ನು) ಬೆಂಬಲಿಸುವ ಸರ್ವರ್‌ಗಳು ಪ್ರತಿ ಫೋಲ್ಡರ್‌ಗೂ 'ಮೇಲ್‌ಬಾಕ್ಸ್‌ಐಡಿ' ಎಂಬ, ಹೆಸರು ಬದಲಾದರೂ ಬದಲಾಗದ ಗುರುತನ್ನು ಕೊಡುತ್ತವೆ. ಹೆಸರಿನ ಜೊತೆಗೆ ಅದನ್ನೂ ಉಳಿಸಿಟ್ಟುಕೊಂಡು, ಪ್ರತಿ ಬಾರಿ ಸಂಪರ್ಕವಾದಾಗ ಲಿಸ್ಟನ್ನು ಮತ್ತೆ ಓದಿ ಸರಿನೋಡಿಕೊಳ್ಳಬೇಕು. ಆ ಬೆಂಬಲ ಇಲ್ಲದ ಕಡೆ, ಪಾತ್ರದ ಗುರುತನ್ನೇ ಮತ್ತೆ ಹುಡುಕುವುದು ಹಳೆಯ ಹೆಸರನ್ನು ಹಿಡಿದುಕೊಂಡಿರುವುದಕ್ಕಿಂತ ಸುರಕ್ಷಿತ.

ಐಮ್ಯಾಪ್ ಅಲ್ಲದ ದಾರಿ ಇರುವ ಕಡೆ ಈ ಶ್ರಮದ ಬಹುಭಾಗ ತಪ್ಪುತ್ತದೆ. 2019ರ ಆರ್‌ಎಫ್‌ಸಿ 8621ರಲ್ಲಿ ವಿವರಿಸಿರುವ ಜೆಮ್ಯಾಪ್ ಪ್ರೋಟೋಕಾಲ್‌ನಲ್ಲಿ ಪ್ರತಿ ಫೋಲ್ಡರ್‌ಗೂ ಹೆಸರು, ಐಡಿ ಮತ್ತು 'ರೋಲ್' ಎಂಬ ಮೂರು ಬೇರೆ ಬೇರೆ ಗುಣಗಳಿವೆ. ಮೇಲಿನ ಫೋಲ್ಡರ್‌ನ ಐಡಿಯನ್ನು ಪ್ರತ್ಯೇಕವಾಗಿ ಹೇಳುವುದರಿಂದ ವಿಭಜಕ ಚಿಹ್ನೆಯ ಪ್ರಶ್ನೆಯೇ ಏಳುವುದಿಲ್ಲ. ಮೈಕ್ರೋಸಾಫ್ಟ್ ಗ್ರಾಫ್‌ನಲ್ಲಿ (ಆ ಕಂಪನಿಯ ಸೇವೆಗಳನ್ನು ಕೋಡ್‌ನಿಂದ ಬಳಸುವ ಮಾರ್ಗ) 'ಸೆಂಟ್‌ಐಟಮ್ಸ್' ಎಂಬ ನಿಗದಿತ ಹೆಸರನ್ನು ಐಡಿಯ ಜಾಗದಲ್ಲಿ ಕೊಟ್ಟರೆ, ಬಳಕೆದಾರನ ಪರದೆಯಲ್ಲಿ ಫೋಲ್ಡರ್ ಯಾವ ಭಾಷೆಯಲ್ಲಿ ಕಾಣುತ್ತಿದ್ದರೂ ಸರಿಯಾದದ್ದೇ ಸಿಗುತ್ತದೆ.